ಕಾಫಿಗೆ ಎದ್ದು ಹೋದ ವಿಮರ್ಶಕ

ಸಂಗೀತ ಕಛೇರಿಯಲ್ಲಿ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವ ಜಾತಿಗೆ ಸೇರಿದ್ದವನು ನಾನು. ನೀವೂ ಎದ್ದಿರುತ್ತೀರಿ, ಇರಲಿ. ಹಾಡುಗಾರರು ಸುಮ್ಮನಾಗಿ ಮೃದಂಗದವರೊಬ್ಬರೇ ವಿದ್ಯೆ ತೋರಿಸುವ ಆ ಹೊತ್ತಿನಲ್ಲಿ ರಾಜಾಜಿನಗರದ ರಾಮನವಮಿ ಪೆಂಡಾಲಿನ ಅರ್ಧ ಜನ ಹೊರಗಿರುತ್ತಿದ್ದರು. ವಾರಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದ ನಾನೇ ಅವರ ಮುಂದಾಳು. 'ತನಿ ಆವರ್ತನ ಕಳೆಗಟ್ಟಿತು' ಎಂಬ ಸಾಲನ್ನು ಕಾಫಿ ಆರಿಸಿಕೊಳ್ಳುತ್ತಲೇ ಹೊಂದಿಸಿಬಿಡುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ಒಂದು ದಿನ ಸಂಪಾದಕರು ನನ್ನ ಕೈಗೆ ವೈಜ್ಞಾನಿಕ ಕಾದಂಬರಿಯೊಂದನ್ನು ತುರುಕಿದರು. "ವಿಜ್ಞಾನದ ಮೇಷ್ಟ್ರು ಇದ್ರಲ್ಲಿ ವಿಜ್ಞಾನ ಇಲ್ಲ ಅಂತಾರೆ, ಸಾಹಿತ್ಯದ ಮೇಷ್ಟ್ರು ಸಾಹಿತ್ಯ ಇಲ್ಲ ಅಂತಾರೆ. ನಿಮಗೆ ಎರಡೂ ಗೊತ್ತಿಲ್ವಲ್ಲ, ನೀವೇ ಬರೀರಿ" ಎಂದರು. ಇದು ಹೊಗಳಿಕೆಯೇ ಇರಬೇಕೆಂದುಕೊಂಡು ಒಪ್ಪಿಕೊಂಡೆ.

ಸಂಗೀತದ ಬರವಣಿಗೆಯಲ್ಲೂ ಇದೇ ಪಾಡು. ಒಬ್ಬರು ತೊಡೆ ತಟ್ಟುತ್ತ ತಾಳ ತಪ್ಪುವುದನ್ನೇ ಕಾಯುತ್ತಾರೆ. ಇನ್ನೊಬ್ಬರು ಗಾಯಕಿಯ ಸೀರೆಯಂಚನ್ನು ವರ್ಣಿಸಿ ಕೈತೊಳೆದುಕೊಳ್ಳುತ್ತಾರೆ. ಹಾಗೆಯೇ ರಾಕೆಟ್ಟಿಗೆ ಇಂಧನ ಸಾಲುತ್ತದೆಯೇ ಎಂದು ಗುಣಾಕಾರ ಮಾಡುವವರು ಕೆಲವರು, ಮುಖಪುಟದ ಚಿತ್ರ ನೋಡಿ ಬೆರಗಾಗುವವರು ಕೆಲವರು. ಪಾಪ, ಕಥೆಯನ್ನು ಮಾತಾಡಿಸುವವರಿಲ್ಲ.

ನಾನು ಗೊತ್ತಿದ್ದ ದಾರಿ ಹಿಡಿದೆ. ಮೊದಲ ಅಧ್ಯಾಯ ಆಲಾಪನೆ, ಗಗನನೌಕೆ ಮೇಲೇರಿದ್ದು ಪಲ್ಲವಿ. ನಡುವೆ ಯಂತ್ರವೊಂದರ ವರ್ಣನೆಗೇ ಮೀಸಲಾದ ಅಧ್ಯಾಯ ಬಂತು. ಅಭ್ಯಾಸಬಲ ನೋಡಿ, ಎದ್ದು ಹೋಗಿ ಕಾಫಿ ಕುಡಿದು ಬಂದು ಅದರ ಮುಂದಿನ ಅಧ್ಯಾಯಕ್ಕೆ ಕೂತೆ. 'ಯಂತ್ರದ ವರ್ಣನೆ ತನಿ ಆವರ್ತನವಿದ್ದಂತೆ, ಓದುಗರು ಆಗ ಕಾಫಿಗೆ ಏಳಬಹುದು. ನಾಯಕ ಊಟ ನಿದ್ದೆ ಬಿಟ್ಟು ದುಡಿಯುವ ಪರಿ ಮೆಚ್ಚತಕ್ಕದ್ದು' ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಪತ್ರಿಕೆ ಬಂದ ಭಾನುವಾರ ಲೇಖಕರು ಮನೆಗೇ ಬಂದರು. ನಂಜುಂಡಯ್ಯ ಎಂದು ಹೆಸರು, ಬಸವೇಶ್ವರನಗರದವರು, ಕಾರ್ಖಾನೆಯಲ್ಲಿ ಇಂಜಿನಿಯರು. ಮುಖ ಎಲ್ಲೋ ನೋಡಿದಂತಿತ್ತು.

"ಪೆಂಡಾಲಲ್ಲಿ ಮೃದಂಗ ನುಡಿಸ್ತೀನಿ ಸಾರ್. ನೀವು ಎದ್ದು ಹೋಗೋದನ್ನ ವರ್ಷಾ ವರ್ಷಾ ನೋಡ್ತಾ ಇದೀನಿ" ಎಂದರು.

ನಾನು ಕುರ್ಚಿ ಎಳೆದುಕೊಟ್ಟೆ. ಅವರು ಕೂತು ಮಾತು ಮುಂದುವರಿಸಿದರು.

"ಆ ಯಂತ್ರದ ಅಧ್ಯಾಯದಲ್ಲಿ ನಾಯಕ ಸತ್ತೋಗ್ತಾನೆ ಸಾರ್. ಆಮೇಲೆ ಅವನ ವೇಷದಲ್ಲಿ ಓಡಾಡೋದು ಆ ಯಂತ್ರಾನೇ. ಅದಕ್ಕೇ ಊಟ ನಿದ್ದೆ ಇಲ್ಲ."

ಅವರು ನಗುತ್ತಿದ್ದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹೊರಡುವಾಗ ಮೆಲ್ಲಗೆ, "ಪುಸ್ತಕಕ್ಕೆ ಬಂದಿರೋದು ಇದೊಂದೇ ವಿಮರ್ಶೆ ಸಾರ್. ಒಬ್ಬರಾದ್ರೂ ಪೂರ್ತಿ ಓದಿದ್ರೆ ಇನ್ನೊಂದು ಬರೆಯೋಣ ಅಂತಿದ್ದೆ. ಇನ್ನು ಸಾಕು ಅನ್ಸುತ್ತೆ" ಎಂದರು.

ಅವರು ಹೋದಮೇಲೆ ಆ ಅಧ್ಯಾಯ ಓದಿದೆ. ಗಗನದಲ್ಲಿ ಒಂಟಿಯಾಗಿ ಸಾಯುವವನು ತನ್ನ ನಡೆ ನುಡಿಯನ್ನೆಲ್ಲ ಯಂತ್ರಕ್ಕೆ ಕಲಿಸುತ್ತಾನೆ. ನಾಚಿಕೆಯೂ ಆಯಿತು, ಕಣ್ಣೂ ಒದ್ದೆಯಾಯಿತು. ಮುಂದಿನ ವಾರ ಇದನ್ನೆಲ್ಲ ಬಿಚ್ಚಿಟ್ಟು ಮತ್ತೊಂದು ವಿಮರ್ಶೆ ಬರೆದೆ. ಅವರಿಂದ ಸುದ್ದಿಯೇ ಇಲ್ಲ.

ಮರುವರ್ಷ ಪೆಂಡಾಲಿನಲ್ಲಿ ತನಿ ಶುರುವಾಯಿತು. ಜನ ಎದ್ದರು. ಮುಂದಿನ ಸಾಲಿನಲ್ಲಿ ನಾನೊಬ್ಬನೇ ಕೂತಿದ್ದೆ. ನಂಜುಂಡಯ್ಯ ನನ್ನನ್ನು ಕಂಡರು, ಕಂಡು ಇನ್ನಷ್ಟು ಹುರುಪಿನಿಂದ ಬೆಳೆಸಿದರು. ಕಾಲು ಜೋಮು ಹಿಡಿಯಿತು, ಕಾಫಿಯ ಪರಿಮಳ ತೇಲಿ ಬಂತು, ನಾನು ಅಲುಗಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಸೊಗಸಾದದ್ದನ್ನು ಅಷ್ಟು ವರ್ಷ ಕಳೆದುಕೊಂಡಿದ್ದೆ.

ಕಛೇರಿ ಮುಗಿದಮೇಲೆ ಅವರು ನೇರ ನನ್ನ ಬಳಿ ಬಂದರು.

"ಎರಡನೇ ಕಾದಂಬರಿ ಶುರು ಮಾಡಿದೀನಿ ಸಾರ್. ನಾಯಕ ದಾರೀಲಿ ಒಂದು ಗ್ರಹದಲ್ಲಿ ಕಾಫಿಗೆ ಅಂತ ಇಳೀತಾನೆ. ವಾಪಸ್ ಬರೋಷ್ಟರಲ್ಲಿ ನೌಕೆ ಹೊರಟುಹೋಗಿರುತ್ತೆ."

ಅದಕ್ಕೆ ವಿಮರ್ಶೆ ಬರೆಯಲು ನನಗಿಂತ ಅರ್ಹ ವಿದ್ವಾಂಸ ಈ ಊರಿನಲ್ಲಿ ಇನ್ನೊಬ್ಬನಿರಲಾರ.