ಲಿಂಗದ ನೀರು ಕುಡಿದ ಟೊಮೆಟೊ ಗಿಡ

ಟೊಮೆಟೊ ಗಿಡದ ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದ್ದೀರಾ? ಹಸಿ ಹಸಿ, ಒಗರು, ನಡುವೆ ಎಲ್ಲೋ ಸೀಮೆಎಣ್ಣೆಯ ಘಾಟು. ಸೋಪು ಹಾಕಿ ತೊಳೆದರೂ ಊಟದ ಹೊತ್ತಿನ ತನಕ ಕೈ ಬಿಡುವುದಿಲ್ಲ. ಮೊನ್ನೆ ರವೀಂದ್ರನಗರದ ನಮ್ಮ ಮನೆಯ ತಾರಸಿಯಲ್ಲಿ ಕುಂಡದ ಗಿಡಗಳನ್ನು ನೋಡುತ್ತಿದ್ದೆ. ಒಂದೇ ದಿನ ನೆಟ್ಟವು. ಒಂದು ಸೊಂಟದವರೆಗೆ ಬಂದಿತ್ತು, ಪಕ್ಕದ್ದು ಗೇಣುದ್ದವೇ ಉಳಿದಿತ್ತು. ಯಜಮಾನರು ಮೊಬೈಲಿನಲ್ಲಿ ಕಾರಣ ಹುಡುಕತೊಡಗಿದರು. ನಾನು ಕೈ ಮೂಸಿಕೊಂಡು ನನ್ನ ಬಾಲ್ಯದ ಭದ್ರಾವತಿಯ ಕ್ವಾರ್ಟರ್ಸಿನ ಹಿತ್ತಿಲಿಗೆ ಹೋಗಿಬಿಟ್ಟೆ.

ಅಲ್ಲಿ ಅಪ್ಪ ಒಂದು ಸಾಲು ಟೊಮೆಟೊ ನೆಟ್ಟಿದ್ದ. ಎಲ್ಲ ಗಿಡಗಳೂ ಕೋಲು ಹತ್ತಿ ಬೇಲಿಯಾಚೆ ಇಣುಕುತ್ತಿದ್ದರೆ, ಬಾಗಿಲ ಪಕ್ಕದ್ದು ಮಾತ್ರ ಹಳದಿ ಮುಖ ಮಾಡಿಕೊಂಡು ಕೂತಿತ್ತು. ಅಪ್ಪ ಅದನ್ನು ಕೀಳಲು ಬಗ್ಗಿದಾಗ ಅವನ ತಾಯಿ, ನಮ್ಮ ಅಜ್ಜಿ, ಅಡ್ಡ ನಿಂತಳು. "ಬಡವಾಗಿದೆ ಅಂತ ಕೀಳ್ತೀಯೇನೋ? ನೀನು ಹುಟ್ಟಿದಾಗ ಇದಕ್ಕಿಂತ ಕಡೆಯಾಗಿದ್ದೆ." ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ಆ ಹೊತ್ತಿಗೆ ಬಾಗಿಲಷ್ಟಗಲ ಇದ್ದ. ಕೈ ಒರೆಸಿಕೊಂಡು ಒಳಗೆ ಹೋದ. ಆ ಗಿಡದಲ್ಲಿ ಒಂದು ಹಣ್ಣಾದರೂ ಕಂಡೇ ತೀರುತ್ತೇನೆಂದು ಅಜ್ಜಿ ಹಟ ಹಿಡಿದಳು.

ಸೊರಗಿದವರಿಗೆ ಒಂದು ಸೌಟು ಹೆಚ್ಚು ಬಡಿಸುವುದು ಅವಳಿಗೆ ಗೊತ್ತಿದ್ದ ಒಂದೇ ವೈದ್ಯ. ನಾನು ಸಣಕಲಾಗಿದ್ದರಿಂದ ತುಪ್ಪ ನನ್ನ ತಟ್ಟೆಗೆ ಬೀಳುತ್ತಿತ್ತು; ಗಿಡಕ್ಕೆ ನೀರು. ನಮ್ಮಲ್ಲಿ ಲಿಂಗಪೂಜೆಯ ನೀರನ್ನು ತುಳಿಯುವ ಜಾಗಕ್ಕೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಅದುವರೆಗೆ ದಾಸವಾಳಕ್ಕೆ ಹೋಗುತ್ತಿದ್ದ ಮನೆಮಂದಿಯ ಪೂಜೆಯ ನೀರೆಲ್ಲ ಈ ಬಡಪಾಯಿಯ ತಲೆಗೆ ಬಂತು. ಅದರ ಹಿಂದೆಯೇ ಅಕ್ಕಿ ತೊಳೆದ ನೀರು, ಮಜ್ಜಿಗೆ ಪಾತ್ರೆ ಗಲಬರಿಸಿದ ನೀರು. ಬುಡ ಸದಾ ಕೆಸರು. ಪಕ್ಕದ ಕ್ವಾರ್ಟರ್ಸಿನ ತಮಿಳರ ಸೆಲ್ವಿಯಮ್ಮ ಬೇಲಿಯ ಮೇಲಿಂದ ಹೇಳಿಯೇ ಹೇಳಿದರು. "ಅಜ್ಜೀ, ತಣ್ಣಿ ಜಾಸ್ತಿ ಆಯ್ತು. ಬೇರು ಕೊಳೆತೋಗ್ತದೆ."

"ಇದು ನಲ್ಲಿ ನೀರಲ್ಲ ಮಾರಾಯ್ತಿ, ಲಿಂಗದ್ದು! ಅದು ಜಾಸ್ತಿ ಹೆಂಗಾಗುತ್ತೆ?"

ಸೆಲ್ವಿಯಮ್ಮ ದೇವರ ಜೊತೆ ಜಗಳಕ್ಕೆ ಇಳಿಯುವವರಲ್ಲ, ಬೇಲಿಯಿಂದ ತಲೆ ಇಳಿಸಿದರು. ಅತಿಯಾದರೆ ಅಮೃತವೂ ವಿಷ ಎಂದು ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನೊಳಗೆ ಗೊಣಗಿದಳು. ಅಜ್ಜಿ ಎದುರಿಗೆ ಬಂದರೆ ಅವಳೂ ಗಿಡ ಚಿಗುರುತ್ತಿದೆ ಎನ್ನುವವಳೇ.

ಆಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಆ ಗಾಬರಿಯಲ್ಲಿ ಗಿಡದ ನೆನಪು ಯಾರಿಗಿರುತ್ತದೆ? ಪೂಜೆಯ ನೀರು ತನ್ನಷ್ಟಕ್ಕೆ ದಾಸವಾಳಕ್ಕೆ ಮರಳಿತು. ಬಾಗಿಲ ಬಳಿಯ ಕೆಸರು ಒಣಗಿತು. ನೋಡನೋಡುತ್ತ ಆ ಕುಳ್ಳ ಗಿಡ ಹಸಿರಾಗಿ ಎದ್ದು, ಹೂ ಬಿಟ್ಟು, ಗೋಲಿಯಂಥ ಕಾಯಿ ಹಿಡಿಯಿತು. ನಮಗೆ ಸಂತೋಷಪಡಲೂ ಭಯ. ಇದನ್ನು ಅಜ್ಜಿಗೆ ಯಾವ ಬಾಯಲ್ಲಿ ಹೇಳುವುದು? ಮೊದಲ ಹಣ್ಣನ್ನು ಅಮ್ಮ ಅವಳ ಅಂಗೈಯಲ್ಲಿಟ್ಟು, "ಎಲ್ಲ ನಿಮ್ಮ ಪೂಜೆ ಫಲ, ಅತ್ತೆ" ಎಂದಳು.

ಅಜ್ಜಿ ಹಣ್ಣನ್ನು ಮೂಸಿದಳು. ಬೊಚ್ಚುಬಾಯಿ ಬಿಟ್ಟು ನಕ್ಕಳು. "ಸುಳ್ಳು ಹೇಳ್ಬೇಡ ಮಾರಾಯ್ತಿ. ನಾನು ಮಲಗಿದ ಮೇಲೆ ಎದ್ದಿದೆ ಇದು." ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ ಕೇಳಿದಳು, "ನಿಂಗೂ ಹಿಂಗೇ ಮಾಡ್ಬಿಟ್ನೇನೋ?"

ಅಪ್ಪ ತನ್ನ ಹೊಟ್ಟೆ ನೋಡಿಕೊಂಡ. "ನಾನೇನು ಕೊಳೆತಿಲ್ವಲ್ಲವ್ವ" ಎಂದ. ಎಲ್ಲರೂ ನಕ್ಕೆವು, ಅಜ್ಜಿಗೆ ನಕ್ಕು ನಕ್ಕು ಕೆಮ್ಮು ಬಂತು.

ಮಳೆಗಾಲ ಶುರುವಾಗುವ ಮೊದಲೇ ಅವಳು ಲಿಂಗೈಕ್ಯಳಾದಳು. ಅಷ್ಟು ಪ್ರೀತಿಯನ್ನು ಅಷ್ಟು ಅಳತೆಗೆಟ್ಟು ಸುರಿಯುವವರು ಆಮೇಲೆ ನನಗೆ ಸಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿದ್ದರೆ ಈ ಸಂಕಟ ನಿಮಗೂ ಗೊತ್ತು.

ಶಿವಗಣಾರಾಧನೆಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ತಂಬಿಗೆ ಹಿಡಿದು ಹಿತ್ತಿಲಿಗೆ ಬಂದ. ದಾಸವಾಳವನ್ನು ದಾಟಿ ಹೋದ. ಕಾಯಿ ತುಂಬಿ ನಿಂತಿದ್ದ ಆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ನೀರನ್ನೆಲ್ಲ ನಿಧಾನವಾಗಿ ಸುರಿದ. ಮರುದಿನವೂ, ಆಮೇಲೆ ದಿನಾ ಸುರಿದ. ಬೇಲಿಯಾಚೆ ಸೆಲ್ವಿಯಮ್ಮ ಏನೋ ಹೇಳಲು ಬಾಯಿ ತೆರೆದವರು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಎಲೆ ಒಂದೊಂದಾಗಿ ಹಳದಿಗೆ ತಿರುಗುತ್ತಿತ್ತು. ಅಪ್ಪನಿಗೆ ಅದು ಕಾಣುತ್ತಲೇ ಇತ್ತು. ನಾವು ಯಾರೂ ಬೇಡ ಅನ್ನಲಿಲ್ಲ.