ಒಂದು ಎಲೆ ಹೆಚ್ಚು

ಎಡಗಿವಿಯ ಶ್ರವಣಯಂತ್ರ ಸಿಳ್ಳೆ ಹೊಡೆದಾಗಲೆಲ್ಲ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿ, ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು, "ಜೋರು ಹೇಳು ಮಾರಾಯ್ತಿ" ಎನ್ನುತ್ತಿದ್ದರು ಬಾಪ್ಪು. ದುಬೈಯ ಅಲ್ ಕುಸೈಸಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು. ಆಸ್ಪತ್ರೆಯ ಲಾಂಡ್ರಿ ಯಂತ್ರಗಳ ಸದ್ದಿಗೆ ಕಿವಿ ಮಂದವಾದವರು. ಕೊಂಕಣಿ ಮನೆಗಳ ಮಕ್ಕಳಿಗೆಲ್ಲ ಅವರು ಬಾಪ್ಪು, ಅಂದರೆ ಚಿಕ್ಕಪ್ಪ. ಕೆಲವು ವಿಷಯಗಳನ್ನು ಇಡೀ ಕಟ್ಟಡ ಪಿಸುಗುಟ್ಟುತ್ತಿದ್ದಾಗ ಅವರೊಬ್ಬರ ಗಂಟಲು ಲಿಫ್ಟಿನವರೆಗೆ ಕೇಳುತ್ತಿತ್ತು.

ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟಿದ ದಿನದ ತೆನೆ ಹಬ್ಬಕ್ಕೆ, ಊರಿನಿಂದ ಯಾರಾದರೂ ಹೊಸ ತೆನೆ ತರುತ್ತಿದ್ದರು. ಅದರ ಕಾಳನ್ನು ಪುಡಿ ಮಾಡಿ, ಹಾಲಿಗೆ ಬೆರೆಸಿ ಎಲ್ಲರೂ ಹಂಚಿಕೊಳ್ಳುವುದು, ದೂರವಿದ್ದವರ ಪಾಲನ್ನು ತೆಗೆದಿಡುವುದು ನಮ್ಮ ರೂಢಿ. ಆ ವರ್ಷ ಬಾಪ್ಪು ಒಂದು ಬಾಳೆಲೆ ಹೆಚ್ಚು ಹಾಕಿದರು.

"ಇದು ಯಾರಿಗೆ?" ಅಪ್ಪ ಕೇಳಿದರು, ಗೊತ್ತಿದ್ದೂ.

"ನಮ್ಮ ಹುಡುಗನಿಗೆ."

ಹುಡುಗನೆಂದರೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಕೆಲಸಕ್ಕಿದ್ದು, ಶುಕ್ರವಾರ ನಮ್ಮೊಂದಿಗೆ ಉಣ್ಣುತ್ತಿದ್ದ ಉಡುಪಿಯವನು. ಕಾರ್ಮಿಕರ ಸಂಬಳದ ಬಗ್ಗೆ ಆನ್‌ಲೈನಿನಲ್ಲಿ ಏನೋ ಬರೆದನೆಂದು ಪೊಲೀಸರು ಅವನನ್ನು ಕರೆದೊಯ್ದಿದ್ದರು. ಅದೇ ದಿನ ನಮ್ಮ ವಾಟ್ಸಾಪ್ ಗುಂಪಿನಿಂದ ಅವನ ನಂಬರು ಹೋಯಿತು. ಮರುದಿನ ಎಂದಿನಂತೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು.

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದ ಸೊಕ್ಕು ನನಗೆ. "ಬಾಪ್ಪು, ತಪ್ಪು ಮಾಡದವರಿಗೆ ಇಲ್ಲಿನ ಪೊಲೀಸರು, ಬೀದಿಯ ಕ್ಯಾಮೆರಾ ಕಂಡರೆ ಭಯ ಯಾಕೆ? ನಾನು ಕತ್ತಲಾದ ಮೇಲೂ ಮೆಟ್ರೋದಲ್ಲಿ ಒಬ್ಬಳೇ ಬರ್ತೇನೆ. ಅದಕ್ಕೆ ಬೆಲೆ ಇಲ್ವಾ?"

"ಉಂಟು. ಆದರೆ ನೀನು ಮೈಕ್ ಇಲ್ಲದೆ ಹಾಲ್ ನಡುಗಿಸುವವಳು. ಈಗ ಯಾಕೆ ಸ್ವರ ಇಳಿಸಿದ್ದು? ನನಗೆ ಅರ್ಧ ಕೇಳಲಿಲ್ಲ."

ಎದುರು ತಂಡದ ಬಾಯಿ ಮುಚ್ಚಿಸುವುದೇ ನನ್ನ ವಿದ್ಯೆ. ಅಂದು ನಾನು ತೆರೆದ ಕಿಟಕಿಯತ್ತ ನೋಡಿದೆ.

ಬಾಪ್ಪು ಹುಡುಗನ ಹೆಸರು ಹಿಡಿದು ಊಟಕ್ಕೆ ಕರೆಯುವ ಹಾಗೆ ಕೂಗಿದರು. ಮೇಜಿನ ಮೇಲಿದ್ದ ಫೋನುಗಳು ಒಂದೊಂದಾಗಿ ಜೇಬು ಸೇರಿದವು.

"ಖಲಾಸ್, ಬಿಡಿ! ನಿಮ್ಮ ವೀಸಾ ಹೋದೀತು," ಎಂದರು ಅಪ್ಪ.

"ಹೋಗಲಿ. ಇಷ್ಟು ದಿನ ಅವನೆಲ್ಲಿ ಅಂತ ಯಾರಾದರೂ ಕೇಳಿದ್ರಾ? ಹೆದರಿಕೆ ಆದರೆ ನನಗೆ ಅರ್ಥ ಆಗ್ತದೆ. ನಿಮಗೀಗ ಹೆದರಿಕೆಯೂ ಇಲ್ಲ. ಅಭ್ಯಾಸ ಆಗಿದೆ."

ವೀಸಾ ಹೋಗಲಿಲ್ಲ. ಆದರೆ ಹುಡುಗನ ಬಗ್ಗೆ ಬಾಪ್ಪು ವಿಚಾರಿಸಿದ ಕಡೆಯೆಲ್ಲ ಬಾಗಿಲು ಮುಚ್ಚಿತು. ಅವನ ಸುದ್ದಿ ಬರಲಿಲ್ಲ. ನಿವೃತ್ತರಾಗಿ ಊರಿಗೆ ಹೋದ ಬಾಪ್ಪು ಅಲ್ಲೇ ತೀರಿಕೊಂಡರು.

ಆಮೇಲೆ ಬಂದ ಮೊಂತಿ ಹಬ್ಬಕ್ಕೆ ನಾನೇ ಒಂದು ಎಲೆ ಹೆಚ್ಚು ಹಾಕಿದೆ. ಹುಡುಗನನ್ನು ಹೆಸರು ಹಿಡಿದು ಕರೆದೆ. ಅಮ್ಮ ಎದ್ದು ಕಿಟಕಿ ಮುಚ್ಚಿದರು.

ಇನ್ನೊಮ್ಮೆ ಕರೆದೆ, ಬಾಪ್ಪುವಿಗೆ ಕೇಳಿಸುವಷ್ಟು ಜೋರಾಗಿ.