ಅಕ್ಕನ ಮನೆ ತಪ್ಪಿಸಿದ ನೀಲಿ ಗೆರೆ

ಮೊಬೈಲಿನ ನಕಾಶೆಯ ಮೇಲಿನ ನೀಲಿ ಗೆರೆಗೆ ಬೆರಳಿಟ್ಟು ಜಗ್ಗಿದರೆ ಅದು ಜಗ್ಗಿದ ಕಡೆಗೆ ಬರುತ್ತದೆ. ನಮ್ಮ ಮನೆಯಲ್ಲಿ ನಾನು ಹೇಳಿದ ಹಾಗೆ ಕೇಳುವುದು ಅದೊಂದೇ. ಹೆಂಡತಿ ಕೇಳುವುದಿಲ್ಲ. ಇಂಡಿ ಊರಿನ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಭೂಗೋಳ ಕಲಿಯುವ ಹುಡುಗರಂತೂ ಪರೀಕ್ಷೆಯಲ್ಲಿ ಕೃಷ್ಣೆಯನ್ನು ಅರಬ್ಬೀ ಸಮುದ್ರಕ್ಕೆ ಮುಟ್ಟಿಸಿ ಕೈ ತೊಳೆದುಕೊಳ್ಳುತ್ತಾರೆ. ಹಾಗಾಗಿ ಶನಿವಾರ ಸಂಜೆ ಚಹಾ ಪಕ್ಕಕ್ಕಿಟ್ಟುಕೊಂಡು, ಮರುದಿನದ ಸವಾರಿಯ ಗೆರೆಯನ್ನು ಆಚೆ ಈಚೆ ಜಗ್ಗುತ್ತಾ ಕೂತರೆ ನಾನೂ ಒಬ್ಬ ಸಣ್ಣ ಸುಲ್ತಾನ ಅನ್ನಿಸಿಬಿಡುತ್ತದೆ.

ಐವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಹುಚ್ಚು ಹಿಡಿದವನು ನಾನು. ಮೊಣಕಾಲಿಗೆ ಕಟ್ಟುವ ಕವಚ, ಕೈಗವಸು, ತಲೆ ಒಳಗೆ ಹೋದರೆ ಹೊರಗೆ ಬರಲು ಹಟ ಮಾಡುವ ದೊಡ್ಡ ಹೆಲ್ಮೆಟ್, ಎಲ್ಲ ಇವೆ. "ಈ ವಯಸ್ಸಿನಾಗ ಮಂದಿ ಜಪಮಾಲಿ ಹಿಡೀತಾರ, ನಮ್ಮವರು ಹ್ಯಾಂಡಲ್ ಹಿಡದಾರ" ಎಂದು ಹೆಂಡತಿ ಓಣಿಯವರ ಮುಂದೆಲ್ಲ ಹೇಳಿ ಆಗಿದೆ. ಹೇಳಲಿ ಬಿಡಿ. ಸವಾರಿಯ ಅರ್ಧ ಸುಖ ಇರುವುದು ಗಾಡಿಯ ಮೇಲಲ್ಲ, ಹಿಂದಿನ ದಿನ ದಾರಿ ಹಾಕುವುದರಲ್ಲಿ. ಫೋನು ತಾನಾಗಿ ತೋರಿಸುವುದು ಬೇಗ ಮುಟ್ಟುವ ದಾರಿ. ಬೇಗ ಮುಟ್ಟುವುದು ಬಸ್ಸಿನವರ ಕೆಲಸ. ನಮ್ಮಂಥವರು ನಡುವೆ ಎರಡು ಮೂರು ಕಡೆ ಬೆರಳಿಟ್ಟು, ಇಲ್ಲೊಂದು ಕಾಲುವೆಯ ದಂಡೆ, ಅಲ್ಲೊಂದು ಬಿಳಿಜೋಳದ ಹೊಲ ಎಂದು ಗುರುತು ಹಾಕಿ, ಗೆರೆಯನ್ನು ನಮ್ಮ ಮನಸ್ಸಿಗೆ ಬಂದಂತೆ ಸೊಟ್ಟ ಮಾಡುತ್ತೇವೆ.

ಆದರೆ ನಮ್ಮ ಸೀಮೆಯಲ್ಲಿ ಗೆರೆ ಸೊಟ್ಟ ಮಾಡುವುದಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ಅದನ್ನು ಹೇಳಲಿಕ್ಕೇ ಇಷ್ಟು ಹೊತ್ತು ಸುತ್ತು ಹಾಕುತ್ತಿದ್ದೇನೆ. ನನಗೆ ಸಿಂದಗಿಯಲ್ಲಿ ಸೋದರಮಾವ, ಮುದ್ದೇಬಿಹಾಳದಲ್ಲಿ ಹೆಂಡತಿಯ ತಮ್ಮ, ಬಸವನಬಾಗೇವಾಡಿಯಲ್ಲಿ ಷಡ್ಡಕ, ಕೊಲ್ಹಾರದಲ್ಲಿ ಒಡಹುಟ್ಟಿದ ಅಕ್ಕ. ಯಾವ ದಿಕ್ಕಿಗೆ ಗಾಡಿ ತಿರುಗಿಸಿದರೂ ಒಂದು ಮನೆ ಅಡ್ಡ ಬರುತ್ತದೆ. ಊರು ಹಾಯ್ದು ಹೋಗಿ ಮನೆಗೆ ಬರಲಿಲ್ಲ ಎಂದರೆ ಮುಗಿಯಿತು, ಮುಂದಿನ ಮದುವೆಯ ಪಂಕ್ತಿಯಲ್ಲಿ ಅದರದೇ ಪಂಚಾಯ್ತಿ. ಹೋದೆವೋ, ಅದಕ್ಕಿಂತ ಹೆಚ್ಚು. ಮೊದಲು ಚಹಾ, ಆಮೇಲೆ ಚುರುಮುರಿ ಸೂಸಲಾ, ಆಮೇಲೆ "ಇಷ್ಟ್ ದೂರ ಬಂದು ಉಣ್ಣದ ಹೋಗ್ತಿಯೇನು?" ಉಂಡ ಮೇಲೆ ಒಂದು ನಿದ್ದೆ. ಎದ್ದ ಮೇಲೆ ಮತ್ತೆ ಚಹಾ. ಅಲ್ಲಿಗೆ ಭಾನುವಾರವೂ ಹೋಯಿತು, ಸವಾರಿಯೂ ಹೋಯಿತು.

ಫೋನಿನ ನಕಾಶೆಯಲ್ಲಿ ಟೋಲ್ ತಪ್ಪಿಸು, ಹೆದ್ದಾರಿ ತಪ್ಪಿಸು, ದೋಣಿ ಸಹ ತಪ್ಪಿಸು ಎಂಬ ಗುಂಡಿಗಳಿವೆ. ನಂಟರನ್ನು ತಪ್ಪಿಸು ಎಂಬ ಗುಂಡಿ ಇಲ್ಲ. ಅದನ್ನು ಮಾಡಿದವರು ಈ ಕಡೆಯವರಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗಾಗಿ ಆ ಕೆಲಸವನ್ನು ನಾನು ಕೈಯಿಂದಲೇ ಮಾಡುತ್ತಿದ್ದೆ. ಸೋದರಮಾವನ ಓಣಿಯಿಂದ ಗೆರೆಯನ್ನು ಜಗ್ಗಿ ಊರ ಹೊರಗಿನ ರಸ್ತೆಗೆ ತರುವುದು, ಷಡ್ಡಕನ ಅಂಗಡಿ ಇರುವ ಬಜಾರವನ್ನು ಬಿಟ್ಟು ಹಿಂದಿನಿಂದ ನುಸುಳುವುದು. ಭೂಗೋಳದ ಇಷ್ಟು ವರ್ಷದ ಅನುಭವ ಇಂಥ ಘನಕಾರ್ಯಕ್ಕೆ ಉಪಯೋಗ ಆಯಿತು ನೋಡಿ!

ನಮ್ಮ ಅಜ್ಜ ವರ್ಷಾ ವರ್ಷಾ ಭಕ್ತರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಕೊಂಡು ಹೋಗುತ್ತಿದ್ದ. ದಾರಿ ಯಾವುದಜ್ಜಾ ಎಂದು ಕೇಳಿದರೆ ಅವನು ಊರುಗಳ ಹೆಸರನ್ನೇ ಹೇಳುತ್ತಿರಲಿಲ್ಲ. ಮೊದಲನೇ ರಾತ್ರಿ ಇಂಥವರ ಕಟ್ಟೆ, ಮರುದಿನ ಮಧ್ಯಾಹ್ನ ಇಂಥ ಗೌಡರ ಮನೆಯ ಝುಣಕಾ ಭಕ್ರಿ ಊಟ, ಸಂಜೆಗೆ ಇಂಥ ಮುದುಕಿಯ ಅಂಗಳ, ಹೀಗೆ ಹೇಳುತ್ತಾ ಹೋಗುತ್ತಿದ್ದ. ಅನ್ನ ಹಾಕುವ ಮನೆಗಳನ್ನು ಒಂದಕ್ಕೊಂದು ಜೋಡಿಸಿದರೆ ಆದದ್ದೇ ಅವನ ದಾರಿ. ಇಡೀ ನಾಡಿನಲ್ಲಿ ರಸ್ತೆಗಳು ಹುಟ್ಟಿದ್ದೇ ಹಾಗೆ ಇದ್ದೀತು ಎಂದು ನಾನು ಹುಡುಗರಿಗೆ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ, ಶನಿವಾರ ಸಂಜೆ ಮನೆಗೆ ಬಂದು, ಅದೇ ಮನೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದೆ.

ಸಂಕ್ರಾಂತಿ ಮುಗಿದ ಹೊಸತು. ಇಂಡಿಯಿಂದ ಸಿಂದಗಿ, ಮುದ್ದೇಬಿಹಾಳ, ಆಲಮಟ್ಟಿ, ಅಲ್ಲಿಂದ ಬಸವನಬಾಗೇವಾಡಿಗೆ ಬಂದು, ಕೊಲ್ಹಾರದ ಸೇತುವೆಯ ಮೇಲೆ ನಿಂತು ಹಿನ್ನೀರು ನೋಡಿ, ಮುಳವಾಡದ ಮೇಲೆ ಮನೆಗೆ ಬರುವ ದೊಡ್ಡ ಸುತ್ತು ಹಾಕಿದ್ದೆ. ಎಲ್ಲ ನಂಟರನ್ನೂ ತಪ್ಪಿಸಿದ ಆ ಗೆರೆ ಎಷ್ಟು ಚೆಂದ ಬಂದಿತ್ತೆಂದರೆ ಅದನ್ನು ಹೆಂಡತಿಗೆ ತೋರಿಸಬೇಕು ಅನ್ನಿಸಿ, ಪುಣ್ಯಕ್ಕೆ ಸುಮ್ಮನಾದೆ. ಅವಳು ಮಾತ್ರ ಒಂದು ಕರಾರು ಹಾಕಿದಳು. ನಾನು ಎಲ್ಲಿದ್ದೇನೆ ಎಂಬುದು ದಿನವಿಡೀ ಅವಳ ಫೋನಿನಲ್ಲಿ ಕಾಣುತ್ತಿರಬೇಕು. ಕಾಣಲಿ ಎಂದು ಲೊಕೇಶನ್ ಕಳಿಸಿ, ದಾರಿಯಲ್ಲಿ ಯಾರ ಫೋನೂ ಬಾರದಂತೆ ಕರೆಗಳ ಬಾಯಿ ಮುಚ್ಚಿ ಹೊರಟೆ.

ಸವಾರಿಗೆ ಹೆಸರಿಡುವ ಹಾಗಿರಲಿಲ್ಲ. ಜೋಳ ಎದೆಯೆತ್ತರ ನಿಂತಿತ್ತು, ಚಳಿ ಹದವಾಗಿತ್ತು, ಆಲಮಟ್ಟಿಯಲ್ಲಿ ಮೀನಿನ ವಾಸನೆಯ ಗಾಳಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊಲ್ಹಾರದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿದೆ. ಎರಡೂ ಕಡೆ ನೀರೇ ನೀರು. ಆಲಮಟ್ಟಿ ಅಣೆಕಟ್ಟಿಗೆ ಮುಳುಗಿದ ಹಳೆ ಕೊಲ್ಹಾರ ಈ ನೀರಿನ ಕೆಳಗೆ ಇದೆ. ಅಲ್ಲಿ ಒಂದು ಅಂಗಳದಲ್ಲಿ ಹಂದರ ಹಾಕಿ ನಮ್ಮ ಅಕ್ಕನ ಮದುವೆ ಮಾಡಿದ್ದೆವು. ನಾನು ಆಗ ಅವಳ ಸೆರಗು ಹಿಡಿದುಕೊಂಡು ಅತ್ತವನು. ನೀರು ನೋಡುತ್ತಾ ಅದೆಲ್ಲ ನೆನಪಾಗಿ ನನ್ನ ಕಣ್ಣು ತೇವವಾಯಿತು. ಆಹಾ, ಕಾಲ ಎಂಥದು ಎಂದುಕೊಂಡೆ. ತೇವವಾದ ಕಣ್ಣಿನಲ್ಲೇ ಗಾಡಿಯ ಜೊತೆ ಒಂದೆರಡು ಫೋಟೊ ತೆಗೆದುಕೊಂಡೆ. ಮುಳುಗಿದ ಮನೆಗೆ ಕಣ್ಣೀರು ಹಾಕಿದ ಮೇಲೆ, ಹತ್ತಿರದಲ್ಲೇ ಹೊಸ ಊರಿನಲ್ಲಿ ಬಾಗಿಲು ತೆರೆದುಕೊಂಡು ನಿಂತ ಮನೆಯನ್ನು ಪಕ್ಕಕ್ಕೆ ಬಿಟ್ಟು, ನಾನೇ ಹಾಕಿದ ಗೆರೆ ಹಿಡಿದು ಮುಳವಾಡದ ಕಡೆಗೆ ಹೊರಟೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ದೀಪ ಹಚ್ಚುವ ಹೊತ್ತಿಗೆ ಇಂಡಿ ಮುಟ್ಟಿದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈ ನೋಡಿದಳು, ಗಾಡಿಯ ಚೀಲ ನೋಡಿದಳು.

"ಅಕ್ಕಾರು ಮೊಸರು ಕೊಡಲಿಲ್ಲೇನು?"

ಕೊಲ್ಹಾರದ ಮೊಸರಿನ ಗಡಿಗೆ ಇಲ್ಲದೆ ಅಕ್ಕ ಯಾರನ್ನೂ ಕಳಿಸಿದ್ದಿಲ್ಲ. ನಾನು ಹೆಲ್ಮೆಟ್ಟಿನಿಂದ ತಲೆ ಬಿಡಿಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಕಳೆದೆ. ಆಮೇಲೆ ಒಂದೊಂದಾಗಿ ಹೊರಗೆ ಬಂತು, ಅರ್ಧ ಹೆಂಡತಿಯಿಂದ, ಉಳಿದದ್ದು ಮುಂದೆ ಅಕ್ಕನ ಕಡೆಯಿಂದ. ಮಧ್ಯಾಹ್ನ ಅಕ್ಕ ಏನೋ ಮಾತಿಗೆ ಹೆಂಡತಿಗೆ ಫೋನು ಮಾಡಿದ್ದಳು. ಇವಳು ಫೋನಿನ ಮೇಲೆ ನನ್ನ ಚುಕ್ಕೆ ನೋಡಿ ಹಿಗ್ಗಿನಿಂದ, "ಅಕ್ಕಾರ, ನಿಮ್ಮೂರಾಗೇ ಅದಾರ ನೋಡ್ರಿ, ಸೇತುವಿ ಮ್ಯಾಲ ನಿಂತಾರ. ಇನ್ನೇನ್ ನಿಮ್ಮ ಮನೀಗೇ ಬರ್ತಾರ" ಎಂದಿದ್ದಳು. ಅಕ್ಕ ಒಲೆ ಹೊತ್ತಿಸಿದ್ದಳು. ಅಕ್ಕನ ಗಂಡ, ನಮ್ಮ ಮಾಮಾ, ಹೊರಗೆ ಕಟ್ಟೆಯ ಮೇಲೆ ಕೂತು ನನ್ನ ಗಾಡಿಯ ಸಪ್ಪಳಕ್ಕೆ ಕಿವಿ ಕೊಟ್ಟಿದ್ದರು. ನಾನು ಬಂದಿರಲಿಲ್ಲ. ಮಾಮಾ ಫೋನು ಮಾಡಿದರೆ ನಾನು ಎತ್ತಿರಲಿಲ್ಲ. ಇತ್ತ ಹೆಂಡತಿ ಲಿಂಬೆ ಗಿಡಕ್ಕೆ ನೀರು ಬಿಡಲು ಹಿತ್ತಲಿಗೆ ಹೋಗಿ ಫೋನು ಒಳಗೇ ಬಿಟ್ಟಿದ್ದರಿಂದ ಅವರ ಕರೆ ಅವಳಿಗೂ ಕೇಳಿರಲಿಲ್ಲ.

ತಪ್ಪಿದ ಕರೆಗಳನ್ನು ನೋಡಿ ತಕ್ಷಣ ಅಕ್ಕನಿಗೆ ಫೋನು ಹಚ್ಚಿದೆ.

"ಮುಟ್ಟಿದೇನೋ ಯಪ್ಪಾ? ಸಾಕ್ ಬಿಡು, ಜೀವ ಬಂತು ನನಗ. ಏನರ ಆತೇನೋ ಅಂತ ಅಂಜಿ ನಿಮ್ಮ ಮಾಮಾ ಸೇತುವಿ ಮಟಾ ಹೋಗಿ ಬಂದ್ರು. ನೀರಾಗೂ ಇಣಿಕಿ ನೋಡಿದ್ರಂತ."

"ಅಕ್ಕಾ, ಹೊತ್ತಾಗಿತ್ತು, ಅದಕ್ಕ..."

"ಆಗ್ಲೇಳು. ದಣದಿರ್ತಿ. ಉಂಡು ಮಲಕ್ಕೊ."

ಬೈದಿದ್ದರೆ ನಾನು ಬದುಕುತ್ತಿದ್ದೆ. ನಮ್ಮ ಅಕ್ಕನ ಬೈಗುಳ ಎಂದರೆ ಸುಮ್ಮನಲ್ಲ, ಓಣಿಯ ನಾಯಿಗಳು ಸಹ ಎದ್ದು ಬೇರೆ ಕಡೆ ಹೋಗಿ ಮಲಗುತ್ತವೆ. ಅಂಥವಳು ಒಂದು ಬೈಗುಳವೂ ಇಲ್ಲದೆ ಫೋನು ಇಟ್ಟಳು. ಮೊಣಕಾಲು ನೋವಿನ ಮಾಮಾ ಸೇತುವೆಯ ಕಟ್ಟೆ ಹಿಡಿದುಕೊಂಡು ನೀರಿನಲ್ಲಿ ನನ್ನನ್ನು ಹುಡುಕುವುದು ಆ ವಾರವೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಆ ಹೊತ್ತಿಗೆ ನಾನು ಮುಳವಾಡದಲ್ಲಿ ಗಾಡಿ ನಿಲ್ಲಿಸಿ, ತೆಗೆದ ಫೋಟೊಗಳಲ್ಲಿ ಯಾವುದರಲ್ಲಿ ಹೊಟ್ಟೆ ಕಡಿಮೆ ಕಾಣುತ್ತದೆ ಎಂದು ಆರಿಸುತ್ತಿದ್ದೆ.

ಮುಂದಿನ ಭಾನುವಾರ ಯಾವ ಗೆರೆಯನ್ನೂ ಜಗ್ಗದೆ, ಒಂದು ಚೀಲ ಲಿಂಬೆಹಣ್ಣು ಕಟ್ಟಿಕೊಂಡು ನೆಟ್ಟಗೆ ಕೊಲ್ಹಾರಕ್ಕೆ ಹೋದೆ. ತಪ್ಪಾಯಿತು ಎನ್ನುವುದನ್ನು ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಅಕ್ಕ ನಗುತ್ತಲೇ ಬರಮಾಡಿಕೊಂಡಳು. "ಬಾ ತಮ್ಮಾ, ಕುಂದ್ರು" ಎಂದು ಪಡಸಾಲೆಯಲ್ಲಿ ಕುರ್ಚಿ ಹಾಕಿದಳು. ನಾನು ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತವನೇ ಅಲ್ಲ, ಯಾವಾಗಲೂ ಅಡುಗೆಮನೆಯ ನೆಲದ ಮೇಲೆ, ಒಲೆಯ ಹತ್ತಿರ. ಚಹಾ ಬಂತು, ಕಪ್ಪಿನ ಕೆಳಗೆ ಬಶಿಯ ಸಮೇತ. ತಟ್ಟೆಯಲ್ಲಿ ಬಿಸ್ಕತ್ತು. ಶಾಲೆಯ ತಪಾಸಣೆಗೆ ಬಂದ ಸಾಹೇಬರಿಗೆ ನಾವು ಮಾಡುವ ಉಪಚಾರ ಅದು.

ಲಿಂಬೆಹಣ್ಣು ಚಲೋ ಅವೆ ಎಂದಳು, ಮಕ್ಕಳ ಸುದ್ದಿ ಕೇಳಿದಳು. ಒಳಗಿನಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ನಾನು ಉಂಡು ಹೋಗು ಎಂಬ ಆ ಒಂದು ಮಾತಿಗೆ ಕಾಯುತ್ತಿದ್ದೆ. ಮಾಮಾ ಕೇಳಿಯೂ ಕೇಳಿದರು, "ಏ, ತಮ್ಮ ಉಂಡು ಹೋಗ್ತಾನಲ್ಲ?"

"ಬ್ಯಾಡ್ರಿ, ಅವಗ ದೂರ ಹೋಗೂದೈತಿ" ಎಂದಳು ಅಕ್ಕ. "ಪಾಪ, ಹಿಡದು ನಿಲ್ಲಸಬಾರ್ದು. ಹೊರಡು ತಮ್ಮಾ, ನಿನಗ ಹೊತ್ತಾಗ್ತೈತಿ."

ಇಷ್ಟು ವರ್ಷ ನಾನು ಯಾವ ಮಾತು ಕೇಳಬೇಕೆಂದು ಗೆರೆ ಜಗ್ಗಿದ್ದೆನೋ ಅದೇ ಮಾತು. ರೂಢಿ ಮಾಡಿಕೊಂಡಿದ್ದ ತಪ್ಪಾಯಿತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಳಗೆ ಹೋಗಿ ನೆಲದ ಮೇಲೆ ಕೂತು ಬಡಿಸು ಎನ್ನುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ಎದ್ದು ಕಾಲಿಗೆ ಬೂಟು ಹಾಕಿಕೊಂಡೆ.

ಇನ್ನು ಮನೆಗೆ ಹೇಗೆ ಹೋಗುವುದು? ಇಷ್ಟು ಬೇಗ ಹೋದರೆ ಅಕ್ಕ ಉಣ್ಣಿಸದೆ ಕಳಿಸಿದಳು ಎಂದು ಹೆಂಡತಿಗೆ ಗೊತ್ತಾಗುತ್ತದೆ. ಮುಳವಾಡದ ಹತ್ತಿರ ಕಾಲುವೆಯ ದಂಡೆಗೆ ಗಾಡಿ ಹಚ್ಚಿ, ಒಂದು ಬೇವಿನ ಗಿಡದ ಕೆಳಗೆ ಕೂತು ಹೊತ್ತು ಕಳೆದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಖಾನಾವಳಿ ಕಾಣುತ್ತಿತ್ತು. ಆದರೆ ಅಕ್ಕನ ಊರಿಂದ ಬಂದವನು ಖಾನಾವಳಿಯಲ್ಲಿ ಉಣ್ಣುತ್ತಿದ್ದ ಎಂದು ಯಾರಾದರೂ ನೋಡಿ ಹೇಳಿದರೆ ಅಕ್ಕನ ಮಾನ ಏನಾಗಬೇಕು? ಬಿಸಿಲು ಹಳದಿ ಆಗುವ ತನಕ ಕೂತು, ಉಂಡವನ ಹಾಗೆ ಮೆಲ್ಲಗೆ ಗಾಡಿ ಹೊಡೆದುಕೊಂಡು ಮನೆಗೆ ಬಂದೆ.

"ಅಕ್ಕಾರ ಫೋನ್ ಬಂದಿತ್ತು" ಎಂದಳು ಹೆಂಡತಿ, ಭಾರಿ ಖುಷಿಯಲ್ಲಿದ್ದಳು. "ಬದನಿಕಾಯಿ ಪಲ್ಯ ಹಾಕಿಸ್ಕೊಂಡು ಹಾಕಿಸ್ಕೊಂಡು ಉಂಡ್ರಂತಲ್ಲ! ಅವಗ ರಾತ್ರಿಗೆ ಏನೂ ಮಾಡಬ್ಯಾಡ, ಹೊಟ್ಟಿ ಭಾರ ಆಗಿರ್ತೈತಿ ಅಂದ್ರು. ಅದಕ್ಕ ನಾ ಒಂದಿಷ್ಟು ಅವಲಕ್ಕಿ ತಿಂದು ಮುಗಿಸೀನಿ."

"ಹೌದು, ಭಾಳ ಉಂಡೆ" ಎಂದೆ.

ಆಮೇಲೆ ಕೈಕಾಲು ತೊಳೆಯುವವನ ಹಾಗೆ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಅಕ್ಕ ಫೋನು ಎತ್ತಿದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆಯೇ.

"ಅಕ್ಕಾ, ನನಗ ಹಸಿವಾಗೈತಿ."

ಮರುಕ್ಷಣ ಶುರುವಾಯಿತು.

"ಖೋಡಿ! ಮಧ್ಯಾಹ್ನ ಹೇಳಾಕ ಬಾಯಾಗ ಏನ್ ತುರಕೊಂಡಿದ್ದಿ? ಬುಟ್ಟಿ ತುಂಬ ರೊಟ್ಟಿ ಬಡದಿಟ್ಟು ನಿನ್ನ ಮಾರೀನ ನೋಡಾಕತ್ತಿದ್ದೆ, ಈಗ ಕೇಳ್ತಾನ, ಈಗ ಕೇಳ್ತಾನ ಅಂತ. ದೊಡ್ಡ ಸಾಹೇಬ್ರು, ಬೂಟ್ ಹಾಕ್ಕೊಂಡು ಎದ್ರು! ನಿಮ್ಮ ಮಾಮಾ ನನ್ನ ಕೂಡ ಇನ್ನೂ ಮಾತಾಡಿಲ್ಲ. ನಿನ್ನ ಹೇಣ್ತಿಗೆ ಏನಂತ ಹೇಳ್ಬೇಕಿತ್ತು ನಾ? ಬೆನ್ನಿಗೆ ಬಿದ್ದ ತಮ್ಮ ನನ್ನ ಮನೀಂದ ಉಪಾಸ ಹ್ವಾದ ಅಂತ ಹೇಳ್ಬೇಕಿತ್ತೇನು?"

ಅವಳ ದನಿ ಒಡೆಯಿತು, ಮೂಗು ಎಳೆದುಕೊಂಡಳು, ಮತ್ತೆ ಹೊಸದಾಗಿ ಮೊದಲಿನಿಂದ ಬೈಯಲು ಹಿಡಿದಳು. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಒಂದು ಬೈಗುಳವೂ ಕೆಳಗೆ ಬೀಳದ ಹಾಗೆ ಎಲ್ಲವನ್ನೂ ಕೇಳಿಸಿಕೊಂಡೆ. ನಡುವೆ ಒಮ್ಮೆ ನೀರು ಕುಡಿಯಲು ಬೈಗುಳ ನಿಲ್ಲಿಸಿದಳು.

"ಇನ್ನೊಂದಿಷ್ಟು ಬೈಯವಾ" ಎಂದೆ. "ನನಗ ಅವಸರ ಇಲ್ಲ."